ಒಂದೇ ಬಿರುಕಿನ ಮೇಲೆ ಹನ್ನೊಂದು ಪಾಯಿಂಟು

ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಬರುವ ಬಂಡೆ, ಬಿರುಕು, ಅಡಿ, ಇಂಚುಗಳ ಮಾತೆಲ್ಲ ಶುದ್ಧ ವಿಜ್ಞಾನದಂತೆ ಕಾಣುತ್ತದೆ. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ, ಸರ್ವಜ್ಞನಗರದ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಬೋರ್ಡು ಹಾಕಿಕೊಂಡು, ಎಲ್ಲಿ ಕೊರೆದರೆ ನೀರು ಸಿಗುತ್ತದೆಂದು ಮೀಟರ್ ಹಿಡಿದು ಹೇಳುವುದು ನನ್ನ ಕೆಲಸ. ಅಂಥ ನನಗೆ, ಶಿವಾಜಿನಗರದ ಮಾರ್ಕೆಟ್ಟಿನ ಹಿಂದೆ ತೆಂಗಿನಕಾಯಿ ಮಾರುವ ಒಬ್ಬ ಮುದುಕರ ಮೇಲೆ ಹೊಟ್ಟೆಕಿಚ್ಚಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಮಾಡುತ್ತಿದ್ದ ಸರ್ವೆಗೆ ನಾಲ್ಕು ಕಬ್ಬಿಣದ ಗೂಟ, ಎರಡು ಸುರುಳಿ ವೈರು, ಒಂದು ಬ್ಯಾಟರಿ, ಒಂದು ಮೀಟರು ಬೇಕು. ಗೂಟಗಳನ್ನು ನೇರ ಸಾಲಿನಲ್ಲಿ ನೆಲಕ್ಕೆ ಹೊಡೆದು, ಹೊರಗಿನ ಎರಡರ ನಡುವೆ ಕರೆಂಟು ಹಾಯಿಸಿ, ಒಳಗಿನ ಎರಡರ ನಡುವೆ ವೋಲ್ಟೇಜು ಅಳೆಯಬೇಕು. ಹೊರಗಿನ ಗೂಟಗಳನ್ನು ಹಂತಹಂತವಾಗಿ ದೂರ ಒಯ್ದಷ್ಟೂ ಆಳದ ಸುದ್ದಿ ಮೇಲೆ ಬರುತ್ತದೆ. ಗಟ್ಟಿ ಬಂಡೆ ಕರೆಂಟನ್ನು ತಡೆಯುತ್ತದೆ, ನೀರು ತುಂಬಿದ ಬಿರುಕು ದಾರಿ ಬಿಡುತ್ತದೆ. ಕಾಗದದ ಮೇಲೆ ಇಷ್ಟು ಸುಲಭ. ಬೆಂಗಳೂರಿನ ಬಡಾವಣೆಯಲ್ಲಿ ಇನ್ನೂರು ಮೀಟರು ನೇರ ಸಾಲು ಸಿಗಬೇಕಾದರೆ ಇಬ್ಬರ ಕಾಂಪೌಂಡು ಹತ್ತಬೇಕು, ಒಬ್ಬರ ನಾಯಿಯನ್ನು ಒಲಿಸಿಕೊಳ್ಳಬೇಕು, ರಸ್ತೆಗೆ ಅಡ್ಡವಾಗಿ ಬಿದ್ದ ವೈರಿನ ಮೇಲೆ ಸ್ಕೂಟರು ಹಾಯಿಸುವವರ ಬೈಗುಳ ಕೇಳಬೇಕು. ಕೊರೆಯುವ ಒಂದು ಜಾಗ, ನಮ್ಮ ಮಾತಿನಲ್ಲಿ ಒಂದು ಪಾಯಿಂಟು, ಗುರುತಿಸಲು ನನಗೂ ವೈರು ಎಳೆಯುವ ಇಬ್ಬರು ಆಳುಗಳಿಗೂ ಅರ್ಧ ದಿನ ಹಿಡಿಯುತ್ತಿತ್ತು.

ಆ ಮುದುಕರನ್ನು ಎಲ್ಲರೂ ಕಾಯಿ ಸಾಹೇಬರು ಎನ್ನುತ್ತಿದ್ದರು. ಜುಟ್ಟಿರುವ ಒಂದು ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು, ಚಪ್ಪಲಿ ಬಿಟ್ಟು, ಸುಮ್ಮನೆ ನಡೆಯುತ್ತ ಹೋಗುತ್ತಿದ್ದರು. ನೀರಿರುವ ಜಾಗ ಬಂದಾಗ ಕಾಯಿ ಎದ್ದು ನಿಲ್ಲುತ್ತದೆ ಎಂದು ಪ್ರತೀತಿ. ಅದು ಅಂಗೈಯ ಸ್ನಾಯುವಿನ ಆಟ ಎಂದು ನಾನು ಈಗಲೂ ವಾದಿಸಬಲ್ಲೆ. ಆದರೆ ಕಾಯಿ ನಿಂತದ್ದನ್ನು ನಾನೇ ನೋಡಿದ್ದೇನೆ, ಅವರು ತೋರಿಸಿದ ಕಡೆ ನೀರು ಬಂದದ್ದನ್ನೂ ನೋಡಿದ್ದೇನೆ. ಹತ್ತು ನಿಮಿಷದ ಕೆಲಸಕ್ಕೆ ಜನ ಅವರನ್ನು ಜಗುಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿ, ಬಾದಾಮಿ ಹಾಲು ತಂದುಕೊಡುತ್ತಿದ್ದರು. ನನಗೆ ಗೇಟಿನ ಹೊರಗೇ ಸ್ಟೀಲ್ ಲೋಟದಲ್ಲಿ ನೀರು. ಅವರು 'ಸಾಹೇಬ್ರು', ನಾನು 'ಮೀಟರ್‌ನೋರು'. ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಈಗ ಬಡಾವಣೆಯ ವಿಷಯ. ಸಿ.ವಿ. ರಾಮನ್ ನಗರದ ಪಕ್ಕದಲ್ಲಿ, ಕಾರ್ಖಾನೆಯ ನೌಕರರು ಸೊಸೈಟಿ ಮಾಡಿಕೊಂಡು ಕಟ್ಟಿಸಿದ ಬಡಾವಣೆ ಅದು. ಮೊದಲು ಒಂದು ಸೈಟಿಗೆ ಒಂದು ಮನೆ, ಮನೆಯ ಮುಂದೆ ದಾಸವಾಳ, ಹಿಂದೆ ಒಂದು ಸೀಬೆ ಮರ. ಕಾವೇರಿ ಪೈಪು ಬರುತ್ತದೆಂದು ಪ್ರತಿ ಚುನಾವಣೆಗೂ ಹೇಳುತ್ತಿದ್ದರು, ಬಂದಿರಲಿಲ್ಲ. ಪಾರ್ಕಿನಲ್ಲಿ ನಿವಾಸಿಗಳ ಸಂಘದ ಒಂದು ಕೊಳವೆಬಾವಿ, ಒಂದು ಓವರ್‌ಹೆಡ್ ಟ್ಯಾಂಕು. ಬೆಳಗ್ಗೆ ಒಂದು ಗಂಟೆ ಎಲ್ಲರಿಗೂ ನೀರು. ಹತ್ತಿರದಲ್ಲಿ ಟೆಕ್ ಪಾರ್ಕ್ ಬಂದ ಮೇಲೆ ಸೀಬೆ ಮರಗಳು ಹೋದವು, ಮನೆಗಳ ಮೇಲೆ ಮನೆಗಳು ಬಂದವು. ಗೇಟಿಗೊಂದರಂತೆ 'ಬಾಡಿಗೆಗೆ' ಫಲಕ ನೇತಾಡಿತು. ಹಿಂದಿನ ಸಾಲಿನ ಸಣ್ಣ ಸೈಟುಗಳಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರ ಸೇರಿತು. ಟ್ಯಾಂಕು ಮಾತ್ರ ಅದೇ, ಬಾವಿಯೂ ಅದೇ. ಒಂದು ಬೇಸಿಗೆಯಲ್ಲಿ ಪಂಪು ಗಾಳಿ ಉಗುಳತೊಡಗಿತು.

ಸಂಘದ ಸೆಕ್ರೆಟರಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ರಿಟೈರ್ ಆದವರು. ಹೊಸ ಬಾವಿಗೆ ಜಾಗ ತೋರಿಸಲು ನನ್ನನ್ನು ಕರೆದರು. ಹೋಗಿ ನೋಡಿದರೆ ಸಾಹೇಬರೂ ಅಲ್ಲಿದ್ದರು.

"ಬೇಜಾರ್ ಮಾಡ್ಕೋಬೇಡಿ ಸಾರ್," ಎಂದರು ಸೆಕ್ರೆಟರಿ. "ನಿಮ್ದು ಸೈನ್ಸು. ಅವರದ್ದು ಕೈಗುಣ. ಎರಡೂ ನೋಡ್ಬಿಡೋಣ ಅಂತ."

ಬೇಜಾರು ಮಾಡಿಕೊಂಡೆ. ಆದರೂ ಸರ್ವೆ ಮಾಡಿದೆ. ಪಾರ್ಕಿನ ಪೂರ್ವದ ಮೂಲೆಯಲ್ಲಿ ಮೀಟರು ಚೆನ್ನಾಗಿ ಇಳಿಯಿತು, ಅಲ್ಲಿ ಸುಣ್ಣದ ಗುರುತು ಹಾಕಿದೆ. ಸಾಹೇಬರು ಪಾರ್ಕಿನ ಉದ್ದಕ್ಕೂ ನಡೆದು, ಗೇಟು ದಾಟಿ ಮೂರನೇ ಕ್ರಾಸಿನ ತನಕ ಹೋಗಿ, ತಿರುಗಿ ಬಂದು, ಪಶ್ಚಿಮದ ಕಡೆ ಬೇಲಿಯ ಹತ್ತಿರ ಒಂದು ಕಲ್ಲಿಟ್ಟರು.

ಮೀಟರಿಗೆ ಮರ್ಯಾದೆ ಕೊಟ್ಟು ಮೊದಲು ನನ್ನ ಜಾಗದಲ್ಲೇ ಕೊರೆದರು. ತಮಿಳುನಾಡಿನ ತಿರುಚೆಂಗೋಡಿನಿಂದ ಬಂದ ರಿಗ್ಗು, ಅಂದರೆ ಕೊರೆಯುವ ಯಂತ್ರದ ಲಾರಿ, ಬೆಳಗ್ಗೆಯಿಂದ ಬಿಳಿ ಪುಡಿ ಉಗುಳಿತು. ಪುಡಿ ನಿಂತು ಕೆಸರು ಬಂದರೆ ನೀರು ಸಿಕ್ಕಿತೆಂದು ಅರ್ಥ. ನಾನೂರು ಅಡಿ ಹೋದರೂ ಬರೀ ಪುಡಿ. ಆ ಸಾಲಿನ ಅಡಿಯಲ್ಲಿ ಹಳೆಯ ಕಬ್ಬಿಣದ ಪೈಪೊಂದು ಹೂತಿತ್ತು, ನನ್ನ ಕರೆಂಟಿಗೆ ದಾರಿ ಬಿಟ್ಟದ್ದು ಅದು, ನೀರಲ್ಲ. ಕೊರೆಯುವ ಮೊದಲು ವಿಚಾರಿಸಬೇಕಿತ್ತು, ವಿಚಾರಿಸಿರಲಿಲ್ಲ. ಮಾರನೆಯ ದಿನ ಸಾಹೇಬರ ಕಲ್ಲಿನ ಜಾಗದಲ್ಲಿ ಇನ್ನೂರ ಹತ್ತು ಅಡಿಗೆ ಕೆಸರು ಚಿಮ್ಮಿತು, ಮುನ್ನೂರ ಐವತ್ತರ ತನಕ ಕೊರೆದು ನಿಲ್ಲಿಸಿದಾಗ ಮೂರು ಇಂಚು ನೀರು. ಜನ ಕುಣಿದರು. ಸೆಕ್ರೆಟರಿ ಸಾಹೇಬರ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಸಾಹೇಬರದ್ದೊಂದು ಪದ್ಧತಿಯಿತ್ತು. ನೀರು ಬಂದ ಮೇಲೆ ಆ ಕಾಯಿಯನ್ನು ಅಲ್ಲೇ ಒಡೆದು ಚೂರು ಮಾಡಿ, ಸುತ್ತ ನಿಂತವರಿಗೆಲ್ಲ ಕೈಯಾರೆ ಹಂಚುತ್ತಿದ್ದರು. ನನಗೂ ಒಂದು ಚೂರು ಕೊಟ್ಟರು.

"ತಗೊಳ್ಳಿ ಇಂಜಿನಿಯರ್ ಸಾಬ್. ಇದು ತಿಂದ್ಬಿಟ್ರೆ ಈ ನೀರು ಎಲ್ಲಾರ್ದೂ ಆಯ್ತು."

ತಿನ್ನಲಿಲ್ಲ. ಮೀಟರಿನ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಮುಚ್ಚಿದೆ. ವಾರ ಕಳೆದು ತೆಗೆದಾಗ ಅದಕ್ಕೆ ಹಸಿರು ಬೂಷ್ಟು ಹಿಡಿದಿತ್ತು.

ಮುಂದಿನ ಭಾನುವಾರ ಯಾರೂ ಕರೆಯದೆ ನಾನೇ ಆ ಬಡಾವಣೆಗೆ ಹೋದೆ. ಸಾಹೇಬರ ಬಾವಿಯ ಸುತ್ತ ಬೇರೆಬೇರೆ ದಿಕ್ಕಿಗೆ ವೈರು ಎಳೆದು ಅಳೆದೆ. ನೀರು ಎಲ್ಲಿದೆಯೆಂದು ಗೊತ್ತಾದ ಮೇಲೆ ಬಿರುಕು ಯಾವ ಕಡೆ ಓಡುತ್ತದೆಂದು ಹೇಳುವುದು ಕಷ್ಟವಲ್ಲ. ಅದು ಪಾರ್ಕಿನಿಂದ ಹೊರಟು ಮೂರನೇ ಕ್ರಾಸಿನ ಮನೆಗಳ ಸಾಲಿನ ಅಡಿಯಲ್ಲೇ ಹೋಗುತ್ತಿತ್ತು. ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದು ಇಟ್ಟುಕೊಂಡೆ. ಯಾತಕ್ಕೆಂದು ಆಗ ನನ್ನನ್ನೇ ಕೇಳಿಕೊಳ್ಳಲಿಲ್ಲ.

ತಿಂಗಳು ಕಳೆದಿರಲಿಲ್ಲ, ಸೆಕ್ರೆಟರಿ ಬೇಕರಿಯ ಮೆಟ್ಟಿಲು ಹತ್ತಿ ಬಂದರು. ಅವರ ಮನೆ ಮೂರನೇ ಕ್ರಾಸಿನಲ್ಲೇ.

"ನಮ್ಮನೇಗೊಂದು ಪಾಯಿಂಟ್ ಮಾಡ್ಕೊಡಿ ಸಾರ್. ಮೇಲೆ ಎರಡು ಮನೆ ಕಟ್ಟಿಸ್ತಿದೀನಿ. ಸಂಘದ್ ನೀರು ಸಾಲಲ್ಲ."

"ಸಾಹೇಬ್ರನ್ನ ಕರೀಲಿಲ್ವಾ?"

ಅವರು ಕಿಟಕಿಯ ಕಡೆ ನೋಡಿದರು. "ಅದ್ಯಾಕ್ ಬಿಡಿ. ನಮ್ಗೆ ಸೈನ್ಸೇ ಸರಿ. ಸ್ವಲ್ಪ ಯಾರಿಗೂ ಹೇಳ್ಬೇಡಿ."

ನನ್ನ ಎದೆ ಎಷ್ಟು ಉಬ್ಬಿತೆಂದರೆ ಮುಂದಿನ ಮಾತು ಸರಿಯಾಗಿ ಕೇಳಿಸಲಿಲ್ಲ. ಸಾಹೇಬರನ್ನು ತಲೆಯ ಮೇಲೆ ಹೊತ್ತು ಮೆರೆದವರೇ ನನ್ನ ಮೆಟ್ಟಿಲು ಹತ್ತಿದ್ದಾರೆ!

ನನ್ನ ವರದಿಗೆ ಒಂದು ಅಚ್ಚಾದ ನಮೂನೆಯಿತ್ತು. ಅದರಲ್ಲಿ ಏಳನೆಯ ಸಾಲು: 'ಹತ್ತಿರದ ಕೊಳವೆಬಾವಿಗೆ ಇರುವ ದೂರ'. ಒಂದು ಬಾವಿ ಇನ್ನೊಂದರ ನೀರನ್ನು ಎಳೆದುಕೊಳ್ಳುತ್ತದೋ ಎಂದು ತಿಳಿಯಲು ನಾನೇ ಸೇರಿಸಿದ ಸಾಲು ಅದು. ಸೆಕ್ರೆಟರಿಯ ವರದಿಯಲ್ಲಿ ಅಲ್ಲಿ ಒಂದು ಅಡ್ಡಗೆರೆ ಎಳೆದೆ. ಮನೆಯ ಹಿತ್ತಲಲ್ಲಿ ಗುರುತು ಹಾಕಿದೆ, ಎರಡೂವರೆ ಇಂಚು ನೀರು ಬಂತು. ಅವರ ಪಕ್ಕದ ಮನೆಯವರು ಬಂದರು, ಅವರ ಆಚೆಯ ಮನೆಯವರು ಬಂದರು. ಗೆರೆ ಕೈಯಲ್ಲೇ ಇತ್ತಲ್ಲ, ನಾನು ಸೋಲುವ ಹಾಗೇ ಇರಲಿಲ್ಲ. ಎರಡು ಬೇಸಿಗೆಯಲ್ಲಿ ಹನ್ನೊಂದು ಪಾಯಿಂಟು, ಹನ್ನೊಂದರಲ್ಲೂ ನೀರು, ಹನ್ನೊಂದು ವರದಿಯಲ್ಲೂ ಏಳನೆಯ ಸಾಲಿಗೆ ಅಡ್ಡಗೆರೆ. ಈಗ ಜಗುಲಿಯ ಮೇಲೆ ನನಗೂ ಕುರ್ಚಿ ಬಂತು. ಬಾದಾಮಿ ಹಾಲು ನಾನು ಅಂದುಕೊಂಡಷ್ಟು ರುಚಿಯಾಗಿರಲಿಲ್ಲ, ಆದರೂ ಲೋಟ ಖಾಲಿ ಮಾಡುತ್ತಿದ್ದೆ.

ಒಂದು ಮನೆ ಎಳೆದ ನೀರೆಲ್ಲ ಆ ಮನೆಯ ಟ್ಯಾಂಕಿಗೆ. ಅದರಿಂದ ಆದ ಕೊರತೆ ಮಾತ್ರ ಎಲ್ಲರಿಗೂ ಚೂರುಚೂರು ಹಂಚಿಹೋಗುತ್ತದೆ. ಹಾಗಾಗಿ ಯಾರಿಗೂ ತಾನು ತಪ್ಪು ಮಾಡಿದೆ ಅನ್ನಿಸುವುದಿಲ್ಲ. ಕೊರತೆ ಕೊನೆಗೆ ಬಂದು ನಿಲ್ಲುವುದು ಸ್ವಂತ ಬಾವಿ ಇಲ್ಲದವರ ಮನೆಯ ಮುಂದೆ. ಇದನ್ನು ಓದಿ ತಿಳಿದಿದ್ದವನು ಆ ಬಡಾವಣೆಯಲ್ಲಿ ನಾನೊಬ್ಬನೇ.

ಸಂಘದ ಬಾವಿ ಇಳಿಯುತ್ತ ಹೋಯಿತು. ಬೆಳಗಿನ ಒಂದು ಗಂಟೆ ನೀರು ಅರ್ಧ ಗಂಟೆಯಾಯಿತು, ದಿನ ಬಿಟ್ಟು ದಿನವಾಯಿತು, ಎರಡನೆಯ ಬೇಸಿಗೆಯ ಕೊನೆಗೆ ನಿಂತೇಹೋಯಿತು. "ಸಾಹೇಬ್ರ ಕೈಗುಣ ಹೋಯ್ತು, ವಯಸ್ಸಾಯ್ತಲ್ಲ," ಎಂದು ಜನ ಮಾತಾಡಿಕೊಂಡರು. ಆ ಮಾತು ಸುತ್ತಲಿನ ಬಡಾವಣೆಗಳಿಗೂ ಹಬ್ಬಿತು, ಅವರನ್ನು ಕರೆಯುವುದು ಕಡಿಮೆಯಾಯಿತು. ಕೇಳಿ ಒಳಗೊಳಗೇ ಸಂತೋಷಪಟ್ಟೆ.

ಹಿಂದಿನ ಸಾಲಿನ ಒಂದು ಕೋಣೆಯಲ್ಲಿ ಬ್ಲೌಸು ಹೊಲಿಯುವ ಹೆಂಗಸೊಬ್ಬರಿದ್ದರು. ಎಲ್ಲರಿಗೂ ಅವರು ಟೈಲರಮ್ಮ. ಇಬ್ಬರು ಹೆಣ್ಣುಮಕ್ಕಳು, ವಯಸ್ಸಾದ ಅತ್ತೆ. ಒಂದು ದಿನ ಹನ್ನೊಂದನೆಯ ಮನೆಯಿಂದ ನಾನು ಹೊರಗೆ ಬರುವಾಗ ಆ ಮನೆಯ ಗೇಟಿನ ಮುಂದೆ ಎರಡು ಕೊಡ ಇಟ್ಟುಕೊಂಡು ನಿಂತಿದ್ದರು.

"ಸಾರ್, ಇವ್ರ ನೀರು ನೋಡಿದ್ದು ನೀವೇ ಅಲ್ವಾ? ನಮ್ ಪಾರ್ಕ್ ಬೋರ್‌ವೆಲ್‌ಗೆ ಏನಾಯ್ತು ಅಂತ ಸ್ವಲ್ಪ ನೋಡಿ ಸಾರ್. ದಿನಾ ಒಬ್ಬೊಬ್ರ ಗೇಟ್ ಮುಂದೆ ನಿಂತ್ಕೊಂಡು ಬೇಡೋಕೆ ನಾಚಿಕೆ ಆಗತ್ತೆ. ಹೀಗೇ ಆದ್ರೆ ಮನೆ ಖಾಲಿ ಮಾಡ್ಬೇಕು. ಗಿರಾಕಿಗಳೆಲ್ಲ ಇಲ್ಲೇ ಇದಾರೆ, ಎಲ್ಲಿಗೆ ಹೋಗ್ಲಿ?"

ನೋಡುತ್ತೇನೆ ಎಂದೆ. ಅಂದ ಮೇಲೆ ನೋಡಲೇಬೇಕಾಯಿತು. ಸೆಕ್ರೆಟರಿಯೂ ಒಪ್ಪಿದರು, ಸಾಹೇಬರ ತಪ್ಪೆಂದು ಬರೆದುಕೊಟ್ಟರೆ ಅವರಿಗೂ ನಿರಾಳ.

ಪರೀಕ್ಷೆ ಸರಳ. ಸುತ್ತಲಿನ ಹನ್ನೊಂದು ಪಂಪುಗಳನ್ನು ಒಂದು ದಿನ ನಿಲ್ಲಿಸಿ, ಸಂಘದ ಬಾವಿಯಲ್ಲಿ ನೀರಿನ ಮಟ್ಟ ಏರುತ್ತದೋ ಇಲ್ಲವೋ ಅಳೆಯುವುದು. ಅಡಿಅಡಿಗೆ ಗುರುತು ಹಾಕಿದ ಜೋಡಿ ವೈರನ್ನು ಬಾವಿಗೆ ಇಳಿಬಿಡಬೇಕು. ಅದರ ತುದಿ ನೀರು ಮುಟ್ಟಿದ ಕೂಡಲೇ ಮೇಲೆ ಮೀಟರಿನ ಮುಳ್ಳು ಅಲುಗುತ್ತದೆ. ಮನೆಮನೆಗೆ ಹೋಗಿ ಕೇಳಿದೆ. "ಅವ್ರು ನಿಲ್ಸಿದ್ರೆ ನಾವೂ ನಿಲ್ಸ್ತೀವಿ" ಎಂದು ಹತ್ತು ಮನೆಯಲ್ಲಿ ಹೇಳಿದರು. ಹನ್ನೊಂದನೆಯ ಮನೆಯಲ್ಲಿ ಯಾರೂ ಇರಲಿಲ್ಲ. ಹೇಗೋ ಒಂದು ಭಾನುವಾರಕ್ಕೆ ಎಲ್ಲರೂ ಒಪ್ಪಿದರು.

ಭಾನುವಾರ ಬೆಳಗ್ಗೆ ವೈರು ಬಿಟ್ಟರೆ ನೀರು ಹಿಂದೆಂದೂ ಇಲ್ಲದಷ್ಟು ಕೆಳಗಿತ್ತು. ವಿಚಾರಿಸಿದೆ. ನಾಳೆ ಪಂಪು ಹಾಕುವ ಹಾಗಿಲ್ಲವೆಂದು ಶನಿವಾರ ಇಡೀ ದಿನ ಎಲ್ಲರೂ ಪಂಪು ಓಡಿಸಿ ಸಂಪು, ಟ್ಯಾಂಕು, ಡ್ರಮ್ಮು, ಬಕೆಟ್ಟು, ಕೊನೆಗೆ ಕುಕ್ಕರನ್ನೂ ತುಂಬಿಸಿಟ್ಟುಕೊಂಡಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪರೀಕ್ಷೆ ಕೆಟ್ಟಿತು.

ಎರಡು ವಾರ ಕಳೆದು ಒಂದು ಬೆಳಗ್ಗೆ ಟೈಲರಮ್ಮ ಕಾಯಿನ್ ಬೂತಿನಿಂದ ಫೋನು ಮಾಡಿದರು. "ಸಾರ್, ಇಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟೋಗಿದೆ. ನಾಳೆ ಮಧ್ಯಾಹ್ನದ ತನಕ ಕರೆಂಟ್ ಇಲ್ವಂತೆ. ಯಾರೂ ಪಂಪ್ ಹಾಕಂಗಿಲ್ಲ." ಯಾರಿಗೂ ಹೊಳೆಯದ್ದು ಅವರಿಗೆ ಹೊಳೆದಿತ್ತು. ಸ್ಕೂಟರಿಗೆ ವೈರಿನ ಸುರುಳಿ ಕಟ್ಟಿಕೊಂಡು ಓಡಿದೆ.

ಮೊದಲ ಅಳತೆಗೆ ನೀರು ಇನ್ನೂರ ತೊಂಬತ್ತು ಅಡಿ ಕೆಳಗೆ. ಮಧ್ಯಾಹ್ನಕ್ಕೆ ಇನ್ನೂರ ಎಪ್ಪತ್ತು. ಸಂಜೆಗೆ ಇನ್ನೂರ ಐವತ್ತೆರಡು. ಮಾರನೆಯ ಬೆಳಗ್ಗೆ ಹೋದಾಗ ಇನ್ನೂರ ಇಪ್ಪತ್ತಕ್ಕೇ ಮುಳ್ಳು ಅಲುಗಿತು. ಟೈಲರಮ್ಮ ಹೊಲಿಗೆ ಬಿಟ್ಟು ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು.

"ನೀರು ಮೇಲೆ ಬರ್ತಿದೆಯಾ ಸಾರ್?"

"ಬರ್ತಿದೆ ಕಣಮ್ಮ."

"ಅಂದ್ರೆ ಬಾವಿ ಸತ್ತಿಲ್ಲ."

ಮಧ್ಯಾಹ್ನ ಕರೆಂಟು ಬಂತು. ಮೂರನೇ ಕ್ರಾಸಿನಲ್ಲಿ ಹೋ ಎಂದು ಜನ ಕೂಗಿದರು. ಒಂದರ ಹಿಂದೆ ಒಂದು ಪಂಪು ಶುರುವಾದ ಸದ್ದು ಪಾರ್ಕಿಗೆ ಕೇಳಿಸಿತು. ನನ್ನ ಕೈಯಲ್ಲಿದ್ದ ಮೀಟರಿನ ಮುಳ್ಳು ಸ್ವಲ್ಪ ಹೊತ್ತಿಗೆ ಸೊನ್ನೆಗೆ ಬಿತ್ತು. ವೈರನ್ನು ಒಂದಡಿ ಇಳಿಸಿದೆ, ಮುಳ್ಳು ಎದ್ದಿತು, ಮತ್ತೆ ಬಿತ್ತು. ಮತ್ತೆ ಇಳಿಸಿದೆ. ಇಡೀ ಬಡಾವಣೆ ಖುಷಿಯಾಗಿದ್ದಾಗ ನಾವಿಬ್ಬರು ಮಾತ್ರ ಬಾವಿಯ ಹತ್ತಿರ ಇಳಿದ ಅಡಿಗಳನ್ನು ಎಣಿಸುತ್ತ ಕೂತಿದ್ದೆವು.

ಮುಂದಿನ ವಾರ ಪಾರ್ಕಿನಲ್ಲಿ ಸಭೆ. ಸೆಕ್ರೆಟರಿ ಶುರುಮಾಡಿದ್ದೇ, "ಸಾಹೇಬ್ರು ತೋರ್ಸಿದ್ ಜಾಗ ಫೇಲ್ ಆಗಿದೆ, ಇಂಜಿನಿಯರು ಬೇರೆ ಪಾಯಿಂಟ್ ಕೊಡ್ತಾರೆ" ಎಂದು. ಸುಮ್ಮನಿದ್ದಿದ್ದರೆ ಹನ್ನೆರಡನೆಯದೂ ನನ್ನದೇ. ನಾನು ಎದ್ದು ಗ್ರಾಫ್ ಹಾಳೆ ಬಿಡಿಸಿದೆ. ಕೂತಿದ್ದವರಲ್ಲಿ ಟೈಲರಮ್ಮನನ್ನು ಹುಡುಕಿ, ಅವರನ್ನೇ ನೋಡುತ್ತ ಹೇಳಿದೆ.

"ಸಾಹೇಬ್ರ ಜಾಗ ಸರಿಯಾಗೇ ಇದೆ. ಈ ಗೆರೆ ನೋಡಿ. ಇದೊಂದೇ ಬಿರುಕು. ಇದರ ಮೇಲೆ ಹನ್ನೊಂದು ಬಾವಿ ತೋರಿಸಿದ್ದು ನಾನು. ಮೊದಲ್ನೇದು ಸೆಕ್ರೆಟರಿಯವರ ಮನೇದು. ಎಲ್ರೂ ಒಂದೇ ಲೋಟಕ್ಕೆ ಸ್ಟ್ರಾ ಹಾಕಿದೀರ. ಹಾಕೋಕೆ ಜಾಗ ತೋರ್ಸಿದ್ದು ನಾನು. ದೂರ ಬರೀಬೇಕಿತ್ತು, ಬರೀಲಿಲ್ಲ."

ಗಲಾಟೆಯಾಯಿತು. "ನಮ್ ಸೈಟು, ನಮ್ ನೀರು" ಎಂದರು ಒಬ್ಬರು. "ಇನ್ನೂ ಡೀಪ್ ಮಾಡೋಣ್ವಾ?" ಎಂದರು ಇನ್ನೊಬ್ಬರು. ಸೆಕ್ರೆಟರಿಯ ಮುಖ ಕೆಂಪಾಗಿತ್ತು. ಕೊನೆಗೆ ಅವರೂ ಇನ್ನು ಮೂರು ಮನೆಯವರೂ ದಿನ ಬಿಟ್ಟು ದಿನ ಪಂಪು ನಿಲ್ಲಿಸಲು ಒಪ್ಪಿದರು. ಏಳು ಮನೆಯವರು ಒಪ್ಪಲಿಲ್ಲ. ಅಷ್ಟಕ್ಕೇ ಪಾರ್ಕಿನ ನಲ್ಲಿಯಲ್ಲಿ ಮನೆಗೆರಡು ಕೊಡ ನೀರು ಬರತೊಡಗಿತು. ಟೈಲರಮ್ಮ ಮನೆ ಖಾಲಿ ಮಾಡಲಿಲ್ಲ.

ನಾನು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಎಷ್ಟು ಜನ ತಮ್ಮ ತಪ್ಪು ಹೀಗೆ ನಾಲ್ಕು ಜನರ ಮುಂದೆ ಒಪ್ಪುತ್ತಾರೆ? ಸಾಹೇಬರಿಗೂ ಹೇಳಿ ಅವರ ಹೆಸರು ತೊಳೆದುಕೊಟ್ಟ ಪುಣ್ಯವನ್ನೂ ಪಡೆಯೋಣವೆಂದು ಶಿವಾಜಿನಗರಕ್ಕೆ ಹೋದೆ. ಮಾಂಸದಂಗಡಿಗಳ ಸಾಲಿನ ಆಚೆ ಅವರು ಗೋಣಿಚೀಲದ ಮೇಲೆ ಕಾಯಿ ರಾಶಿ ಹಾಕಿಕೊಂಡು ಕೂತಿದ್ದರು. ಎಲ್ಲ ಹೇಳಿದೆ. ಅವರು ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಪಕ್ಕಕ್ಕಿಟ್ಟರು.

"ಗೊತ್ತು ಸಾಬ್. ಅವ್ರೆಲ್ಲಾ ಮೊದ್ಲು ನನ್ ಹತ್ರಾನೇ ಬಂದಿದ್ರು. ಸೆಕ್ರೆಟರಿ ಸಾಬ್ ಎಲ್ಲಾರ್ಗಿಂತ ಮುಂಚೆ."

ನನಗೆ ಅರ್ಥವಾಗಲಿಲ್ಲ. "ನಿಮ್ ಹತ್ರ? ಹನ್ನೊಂದು ಜನಾನೂ?"

"ಹನ್ನೊಂದು ಜನಾನೂ. ನಾನು ಆಗಲ್ಲ ಅಂದೆ. ಒಂದ್ ನೀರಿನ ಕಾಯಿ ಚೂರು ತಿಂದವ್ರಿಗೆ, ಅದೇ ಜಾಗದಲ್ಲಿ ಇನ್ನೊಂದ್ ಕಾಯಿ ಹಿಡಿಯಲ್ಲ. ನಮ್ ಉಸ್ತಾದ್ ಹಾಗೇ ಹೇಳ್ಕೊಟ್ಟಿದ್ರು."

"ಹಿಡಿದಿದ್ರೆ ಕಾಯಿ ನಿಲ್ತಿತ್ತಾ ಸಾಹೇಬ್ರೇ?"

"ನಿಲ್ದೇ ಏನು? ಅವತ್ತೇ ಪಾರ್ಕಿಂದ ಮೂರನೇ ಕ್ರಾಸ್ ತನ್ಕ ನಿಂತ್ಕೊಂಡೇ ಇತ್ತು." ಅವರು ನಕ್ಕರು. "ನಿಂತಿದ್ ಕಡೆ ಎಲ್ಲಾ ತೋರ್ಸ್ಬೇಕು ಅಂತ ಇದ್ಯಾ ಸಾಬ್?"

ನಾನು ಗೆದ್ದುಕೊಂಡ ಗಿರಾಕಿಗಳೆಂದು ಎದೆಯುಬ್ಬಿಸಿದ್ದೆನಲ್ಲ, ಅವರೆಲ್ಲ ಈ ಮುದುಕರು ಬೇಡವೆಂದು ಕಳುಹಿಸಿದವರು. ಕೈಗುಣ ಹೋಯಿತೆಂದು ಊರೆಲ್ಲ ಆಡಿಕೊಂಡಾಗಲೂ ಇವರು ಯಾರ ಹೆಸರನ್ನೂ ಎತ್ತಿರಲಿಲ್ಲ. ಚಟ್ನಿಗೆಂದು ಒಂದು ಕಾಯಿ ಕೊಂಡು ಸ್ಕೂಟರಿನ ಕಡೆ ನಡೆದೆ.

ಅದಾಗಿ ಎರಡು ತಿಂಗಳಿಗೆ ಹನ್ನೆರಡನೆಯವರು ಬಂದರು. ಅದೇ ಮೂರನೇ ಕ್ರಾಸಿನಲ್ಲಿ ಮೂರು ಮಹಡಿ ಕಟ್ಟಿಸುತ್ತಿದ್ದವರು. ಹೋಗಿ ಟೇಪು ಹಿಡಿದು ಅಳೆದು, ಆ ಬಡಾವಣೆಯ ವರದಿಯ ಏಳನೆಯ ಸಾಲಿನಲ್ಲಿ ಮೊದಲ ಸಲ ಅಂಕಿ ಬರೆದೆ: ಮೂವತ್ತೈದು ಅಡಿ. "ಇಲ್ಲಿ ಆಗಲ್ಲ ಸಾರ್, ಕ್ಷಮಿಸಿ" ಎಂದೆ. ಅವರು ನನ್ನ ಜತೆ ವಾದ ಮಾಡಲಿಲ್ಲ. ರಿಗ್ಗಿನ ಏಜೆಂಟನ್ನು ಕರೆದರು. ಅವನು ಮೀಟರೂ ಇಲ್ಲದೆ, ಕಾಯಿಯೂ ಇಲ್ಲದೆ, ಅಕ್ಕಪಕ್ಕದ ಬಾವಿಗಳನ್ನು ನೋಡಿ ಕಾಲಿನಲ್ಲೇ ಒಂದು ಗುರುತು ಹಾಕಿದನಂತೆ.

ಕೊರೆಯುವ ದಿನ ತಡೆಯಲಾರದೆ ಹೋದೆ. ಪಾರ್ಕಿನ ಬೇಲಿಯ ಹತ್ತಿರ ಸ್ಕೂಟರು ನಿಲ್ಲಿಸಿ ನೋಡಿದೆ. ಬಿಳಿ ಪುಡಿ ಹಾರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಪುಡಿ ನಿಂತಿತು, ಕೆಸರು ಚಿಮ್ಮಿತು. ಜನ ಕೂಗಿದರು. ಯಾರೋ ಏಜೆಂಟನಿಗೆ ಹಾರ ಹಾಕಿದರು. ಇತ್ತ ನಲ್ಲಿಯ ಮುಂದೆ ಟೈಲರಮ್ಮ ಕೊಡ ಹಿಡಿದು ಆ ಕಡೆಯೇ ನೋಡುತ್ತ ನಿಂತಿದ್ದರು. ನಾಳೆಯಿಂದ ಅವರ ಎರಡು ಕೊಡ ಒಂದಾಗುತ್ತದೆಂದು ನನಗೆ ಗೊತ್ತಿತ್ತು. ಆದರೆ ನನ್ನ ಹೊಟ್ಟೆಯಲ್ಲಿ ಮೊದಲು ಎದ್ದದ್ದು ಆ ಕೊಡದ ಚಿಂತೆಯಲ್ಲ. ಆ ಹಾರ ನನ್ನದಾಗಬೇಕಿತ್ತು ಎಂಬ ಉರಿ.

ಮನೆಗೆ ಬಂದು ತಟ್ಟೆಯ ಮುಂದೆ ಕೂತೆ, ಎರಡು ತುತ್ತಿನ ಮೇಲೆ ಇಳಿಯಲಿಲ್ಲ. ನಾನು ಬೇಡವೆಂದದ್ದು ಒಂದೇ ಒಂದು ಸಲ. ಸಾಹೇಬರಿಗೆ ಹನ್ನೊಂದು ಸಲ ಊಟ ಹೇಗೆ ಸೇರಿತೋ, ಅವತ್ತು ಶಿವಾಜಿನಗರದಲ್ಲೇ ಕೇಳಿಕೊಂಡು ಬರಬೇಕಿತ್ತು.